ಪುಟ ನೂರಾ ಹನ್ನೆರಡು

ರುಕ್ಮೋದ್ದೀನ್ ಮಾಸ್ತರ ಹಸಿರು ಶಾಯಿ, ಬಲಕ್ಕೆ ವಾಲಿದ ಅಕ್ಷರ.
ಪುಟಕ್ಕೆ ಹದಿನೆಂಟು ರೂಪಾಯಿಯಂತೆ
ಯಾವುದೋ ಹಿಮದ ದೇಶದ ಕಾದಂಬರಿಯನ್ನು
ಅವರು ಕನ್ನಡಕ್ಕೆ ತಂದಿದ್ದರು,
ನಾನು ಕಂಪ್ಯೂಟರಿಗೆ ಇಳಿಸುತ್ತಿದ್ದೆ
ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಮಹಡಿಯ ಮೇಲೆ,
ಕೆಳಗೆ ಆಟೋದವರು
ಜಗತ್ ಸರ್ಕಲ್, ಜಗತ್ ಸರ್ಕಲ್ ಎಂದು
ಜಗತ್ತಿಗೇ ಒಂದು ಸೀಟು ಖಾಲಿ ಇದ್ದಂತೆ ಕೂಗುವಾಗ.

ಆ ಪುಟದಲ್ಲಿ ಯುದ್ಧ.
ಸೈನಿಕರು ಮನೆಮನೆ ಹೊಕ್ಕು ಕಾಳು ಬಾಚುತ್ತಾರೆ.
ಒಬ್ಬ ಹೆಂಗಸು ಪಿಯಾನೊದ ಹೊಟ್ಟೆ ತೆರೆದು
ಕಂಠದ ತನಕ ಗೋಧಿ ಸುರಿದಿದ್ದಾಳೆ.
ಮಗು ಬಂದು ಒಂದು ಕೀಲಿ ಒತ್ತುತ್ತದೆ.
ಸ್ವರ ಬರುವುದಿಲ್ಲ.
ಒಳಗೆಲ್ಲೋ ಕಾಳು ಸರಿದ ಸದ್ದು, ಅಷ್ಟೇ.

ನನ್ನ ಬೆರಳು ನಿಂತವು.
ಮುಂದಿನ ಸಾಲಿಗೆ ಸೈನಿಕನ ಬೂಟು ಹೊಸ್ತಿಲಿಗೆ ಬಂದಿತ್ತು.
ಕಾಯಲಿ ಅಂದೆ.

ವರನ ಹೆಸರು ಎರಡು ಸಲ ಬಿದ್ದು ಕೆಟ್ಟ
ಲಗ್ನಪತ್ರಿಕೆಯೊಂದರ ಹಿಂಬದಿಗೆ
ಅವತ್ತು ರಾತ್ರಿ ಕವಿತೆಗೆ ಕೂತೆ.
ಪಿಯಾನೊ ನಾನು ಕಂಡವಳಲ್ಲ.
ಕಂಡಿದ್ದು ಮಠದ ಹಾರ್ಮೋನಿಯಂ;
ಅದಕ್ಕೇ ಜೋಳ ತುಂಬಿ ನೋಡಿದೆ.
ಅರ್ಧ ಸೇರೂ ಹಿಡಿಸಲಿಲ್ಲ, ತಿದಿ ಹರಿಯಿತು.
ಈ ಊರಿನವಳಲ್ಲವೆ, ತೊಗರಿ ಹಾಕಿದೆ.
ದಾಲ್ ಮಿಲ್ಲಿನ ಸದ್ದು ಬಂತು.
ಸೈನಿಕನನ್ನು ಸಾಲಗಾರ ಮಾಡಿದೆ, ನೀರು ಮಾಡಿದೆ,
ಮೂರು ಸಲ ಹೊಡೆದುಹಾಕಿದೆ.
ಕದ್ದ ಮಾಲು ಕೈಯಲ್ಲಿ ಬೆವರುತ್ತಿತ್ತು.

ಭಾನುವಾರ ಜೇವರ್ಗಿ ದಾಟಿ ಊರಿಗೆ.
ಗುರುಬಾಯಿ ಆಯಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು.
ಇಡೀ ಕಾದಂಬರಿ ಬೇಡ, ಆ ಒಂದು ಪೆಟ್ಟಿಗೆಯ ಕತೆ ಹೇಳಿದೆ.
ಸಿಪ್ಪೆ ಊದಿ ನಕ್ಕಳು:
‘ಹಾಡೂ ಪೆಟ್ಟಿಗ್ಯಾಗ ಕಾಳಾ?
ನಮ್ಮಲ್ಲಿ ಉಲ್ಟಾ ಆಗಿತ್ತು ನೋಡವ್ವ.

‘ಗದ್ದಲದ ವರ್ಷ. ನನಗ ಆರೋ ಏಳೋ.
ಹಗೇವಿನ ಜೋಳ ತಗದು ಮಂದೀನ ಇಳಿಸಿದ್ರು.
ಮೊದಲ ಹಗ್ಗಕ್ಕ ದೀಪ ಕಟ್ಟಿ ಬಿಟ್ರು. ದೀಪ ಆರಲಿಲ್ಲ.
ಆಮ್ಯಾಲ ನನ್ನ ಬಿಟ್ರು.
ಮ್ಯಾಲ ಚಪ್ಪಡಿ, ಸಂದ್ಯಾಗ ಒಂದು ಪೊಳ್ಳ ದಂಟು, ಗಾಳಿಗಿ.
ಉಸಿರು ಮಾಡಬ್ಯಾಡ ಅಂದಿದ್ರು.
ಅಳು ಬರಲತ್ತಿತ್ತು.
ಗ್ವಾಡಿಗಿ ಅಂಟಿದ ಜೋಳ ಬಳದು ಬಳದು
ಬಾಯಿತುಂಬ ತುಂಬಕೊಂಡು ಕುಂತೆ.’

ಬೆಳ್ಳುಳ್ಳಿಯ ಒಂದು ಎಸಳು ಜಾರಿತು, ಹುಡುಕಿದಳು.

‘ತಿಂಗಳು ಕಳೀಲಿಲ್ಲ, ಹೊರಗಿನ ಬೂಟು ಬದಲಾದ್ವು.
ಅದೇ ಹಗ್ಗ, ಅದೇ ದೀಪ;
ಈ ಸಲ ಮಹಬೂಬಿ ಇಳದಳು, ಕಂಕುಳಾಗ ಕೂಸು.
ನಾ ಮ್ಯಾಲಿಂದ ಬಗ್ಗಿ ಹೇಳಿದೆ,
ಬಾಯಾಗ ಕಾಳಿಟ್ಟಕೋ ಚಾಚಿ, ಅಳು ಬರಂಗಿಲ್ಲ ಅಂತ.
ಕೂಸಿಗಿ ಹಲ್ಲೇ ಬಂದಿರಲಿಲ್ಲ.’

ಆ ಕೂಸು ಅತ್ತಿತೇ ಎಂದು ಕೇಳಲು ಬಾಯಿ ತೆರೆದೆ.
ಕೇಳಲಿಲ್ಲ.
ಬೇರೆ ಕೇಳಿದೆ: ನಿನ್ನ ಬಾಯಿನ ಕಾಳು ಏನು ಮಾಡಿದಿ?
‘ಏನ್ ಮಾಡ್ಲಿ? ಮ್ಯಾಲ ಬಂದು ಕೋಳಿಗಿ ಉಗುಳಿದೆ.
ಹಸೀ ಜೋಳ ಯಾರ್ ತಿಂತಾರ.’

ಸೋಮವಾರ ಮಾಸ್ತರು ಬಂದರು, ಪುಟ ಯಾಕೆ ತಡ ಎಂದು.
ಗೋಧಿಯ ಸಾಲಿನ ಮೇಲೆ ನನ್ನ ಪೆನ್ಸಿಲ್ ಗುರುತು ಕಂಡು
ಕಳವು ಸಿಕ್ಕವರ ಹಾಗೆ ಕನ್ನಡಕ ಒರೆಸಿದರು:
‘ಮೂಲದಾಗ ಗೋಧಿ ಇಲ್ಲವ್ವ, ಬ್ಯಾರೆ ಏನೋ ಕಾಳು.
ಚಳಿನಾಡಿಂದು. ಹೆಸರಿಗಿ ನಮ್ಮ ನಾಲಿಗಿ ಹೊರಳಂಗಿಲ್ಲ.’
ಮತ್ತೆ, ಸಣ್ಣಗೆ, ‘ಬದಲಿ ಮಾಡಲ್ಯಾ?’

ಬೇಡ ಅಂದೆ. ಇರಲಿ ಗೋಧಿ.

ಅವರು ಹೋದ ಮೇಲೆ
ಬೂಟನ್ನು ಹೊಸ್ತಿಲು ದಾಟಿಸಿದೆ, ಹದಿನೆಂಟು ರೂಪಾಯಿಯ ಋಣ.
ಆಮೇಲೆ ಹೊಸ ಫೈಲು, ಖಾಲಿ ಪುಟ.
ಕಾಳು ಎಂದು ಶುರು ಮಾಡಲು ಹೋದೆ.
‘ಕಾ’ ಬಂತು.
‘ಳ’ ಒತ್ತಿದೆ, ಅಕ್ಷರ ಮೂಡಲಿಲ್ಲ.
ಕೀಲಿಯ ಕೆಳಗೆ
ಸಂಜೆಯ ಚುರುಮುರಿಯ ಚೂರೋ ಏನೋ,
ಸರಿಯಿತು.